ಸಮಪಾಲಿನ ಬೆಂಕಿ

ನಾನು ಒಂದು ಬರ್ನರು. ಮನೆಯ ಅಡುಗೆ ಕಟ್ಟೆಯ ಮೇಲೆ ಪುಟ್ಟ ನೀಲಿ ಉರಿ ಬಿಟ್ಟುಕೊಂಡು ಕೂರುವ ನಾಜೂಕಿನ ಜಾತಿ ನನ್ನದಲ್ಲ. ಹೋಟೆಲಿನ ಬರ್ನರು. ಎರಡು ಕೈಯಲ್ಲಿ ಎತ್ತಬೇಕು, ಎತ್ತಿದವನು ಆಮೇಲೆ ಸೊಂಟ ಹಿಡಿದುಕೊಳ್ಳಬೇಕು, ಅಂಥ ಬೀಡುಕಬ್ಬಿಣದ ದೇಹ. ಈಗ ನನ್ನಲ್ಲಿ ಬೆಂಕಿಯಿಲ್ಲ. ಬಾಯಿ ಮಾತ್ರ ಇದೆ. ಅದೂ ಒಂದೆರಡಲ್ಲ, ಮೈಸುತ್ತ ತೂತೇ ತೂತು. ಇಷ್ಟೊಂದು ಬಾಯಿ ಇಟ್ಟುಕೊಂಡು ಇಷ್ಟು ಕಾಲ ಸುಮ್ಮನಿದ್ದೆನಲ್ಲ, ಅದೇ ದೊಡ್ಡದು. ಇವತ್ತು ಹೇಳಿಬಿಡುತ್ತೇನೆ. ಹೇಳದಿದ್ದರೆ ಒಳಗಿನ ಹೇಸಿಗೆ ಹೋಗುವುದಿಲ್ಲ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಕರಿ ಮರಳಿನ ಅಚ್ಚಿನೊಳಗೆ ಕೆಂಪಗೆ ಕರಗಿದ ಕಬ್ಬಿಣವನ್ನು ಹೊಯ್ದರು. ಆರಿದ ಮೇಲೆ ಮರಳು ಒಡೆದು ಹೊರಗೆಳೆದರು. ಒಬ್ಬ ಮುದುಕ ನನ್ನ ಮೈಮೇಲಿನ ತರಿ ಉಜ್ಜಿ ತೆಗೆದು, ಸಣ್ಣ ಸುತ್ತಿಗೆಯಿಂದ ಟಣ್ಣೆಂದು ಬಡಿದು, ಕಿವಿಗೊಟ್ಟು ಕೇಳಿ, "ಛಲೋ ಐತಿ, ಎಲ್ಲೂ ಸೀಳಿಲ್ಲ" ಅಂದ. ನನ್ನ ಜನ್ಮದಲ್ಲಿ ಮೊದಲು ಕೇಳಿದ ಹೊಗಳಿಕೆ ಅದು. ಇನ್ನೊಂದು ಹೊಗಳಿಕೆ ಕೇಳಬೇಕಾದರೆ ಗುಜರಿಯ ತನಕ ಹೋಗಬೇಕಾಯಿತು. ಆ ಮಾತು ಆಮೇಲೆ.

ಹುಬ್ಬಳ್ಳಿಯ ಒಂದು ಪಾತ್ರೆ ಅಂಗಡಿಯಿಂದ ನನ್ನನ್ನು ಕೊಂಡವನು ಈರಬಸಪ್ಪ ಕೊಟಗಿ. ಬಸ್ ಸ್ಟ್ಯಾಂಡಿನ ಹತ್ತಿರ ತಗಡಿನ ಶೆಡ್ಡಿನಲ್ಲಿ ಅವನದೊಂದು ಟೀ ಕ್ಲಬ್ಬು. ಚಹಾ, ಮಿರ್ಚಿ ಭಜಿ, ಗಿರ್ಮಿಟ್. ಮನುಷ್ಯರನ್ನು ನೀವು ಎದುರಿನಿಂದ ನೋಡುತ್ತೀರಿ, ಪುಣ್ಯವಂತರು. ನಾನು ಕೆಳಗಿನಿಂದ ನೋಡುವವನು. ನನಗೆ ಮೊದಲು ಕಂಡದ್ದು ಅವನ ಹೊಟ್ಟೆ, ಆಮೇಲೆ ಗದ್ದದ ಅಡಿ, ಆಮೇಲೆ ಮೂಗಿನ ಎರಡು ತೂತು, ಅದರೊಳಗಿನ ಕೂದಲು. ಬಗ್ಗಿದಾಗೆಲ್ಲ ಅವನ ಹಣೆಯ ಬೆವರು ನನ್ನ ಮೇಲೆ ಬಿದ್ದು ಚುಂಯ್ ಅನ್ನುತ್ತಿತ್ತು. ಅದೇ ಬೆವರು ಎಣ್ಣೆಗೂ ಬೀಳುತ್ತಿತ್ತು. ಆ ಎಣ್ಣೆಯಲ್ಲಿ ಕರಿದದ್ದನ್ನು ಜನ ಕ್ಯೂ ಹಚ್ಚಿ ತಿನ್ನುತ್ತಿದ್ದರು. ಬಿಡಿ, ಅವರವರ ನಾಲಿಗೆ.

ಆಗ ನಮ್ಮದು ಸಿಲಿಂಡರಿನ ಗ್ಯಾಸು. ಈರಬಸಪ್ಪನ ಜಿಪುಣತನ ಎಂಥದು ಅಂತೀರಿ! ಚಹಾ ಕುದಿಯಿತೋ ಇಲ್ಲವೋ ಟಪಕ್ಕನೆ ನನ್ನ ಕಿವಿ ಹಿಂಡಿ ಆರಿಸಿಬಿಡುತ್ತಿದ್ದ. ಗಿರಾಕಿ ಬಂದರೆ ಹಚ್ಚು, ಹೋದರೆ ಆರಿಸು. ಸಿಲಿಂಡರು ತೀರುತ್ತ ಬಂದರೆ ಅದನ್ನು ಅಡ್ಡ ಮಲಗಿಸುತ್ತಿದ್ದ. ಅದರ ಬೆನ್ನ ಮೇಲೆ ಬಿಸಿನೀರು ಸುರಿದು, ಒದ್ದೆ ಗೋಣಿ ಹೊದಿಸಿ, ಬಾಣಂತಿಗೆ ಮಾಡುವ ಆರೈಕೆಯನ್ನೆಲ್ಲ ಮಾಡಿ ಕೊನೆಯ ಉಸಿರನ್ನೂ ಹಿಂಡಿಕೊಳ್ಳುತ್ತಿದ್ದ. ಮೈ ನಡುಗುತ್ತಿತ್ತು ನನಗೆ. ಯಾವತ್ತು ಎಲ್ಲರೂ ಕೂಡಿ ಆಕಾಶಕ್ಕೆ ಹಾರುತ್ತೇವೋ ಅಂತ.

"ಹನಮ್ಯಾ, ಗ್ಯಾಸ್ ಅಂದ್ರ ಲಕ್ಷ್ಮೀ ಇದ್ದಂಗ. ಸುಮ್ಮನ ಸುಟ್ಟೀ ಅಂದ್ರ ನಿನ್ನ ಪಗಾರದಾಗ ಮುರೀತೀನಿ ನೋಡ್ ಮತ್ತ" ಎಂದು ಭಜಿ ಕರಿಯುವ ಹನಮಂತನಿಗೆ ದಿನಾ ಪಾಠ. ಹನಮಂತ ನಡುವಯಸ್ಸಿನ ಮನುಷ್ಯ, ಮಾತು ಕಮ್ಮಿ. "ಹೂಂ ರೀ" ಅನ್ನುತ್ತಿದ್ದ, ಕರಿಯುತ್ತಿದ್ದ.

ಥೂ, ಎಂಥ ಜಿಪುಣನ ಕೈಗೆ ಸಿಕ್ಕೆನಪ್ಪಾ ಅಂತ ಆಗ ಅಂದುಕೊಳ್ಳುತ್ತಿದ್ದೆ. ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ, ಅದೂ ಇದೇ ಮನುಷ್ಯನ ಹೊಟ್ಟೆಯೊಳಗೇ ಇದೆ ಅಂತ ನನಗೇನು ಗೊತ್ತು?

ರಸ್ತೆ ಅಗಲ ಮಾಡುವವರು ಬಂದು ಶೆಡ್ಡು ಕೆಡವಿದರು. ಈರಬಸಪ್ಪ ನನ್ನನ್ನೂ ಕೊಪ್ಪರಿಗೆಯನ್ನೂ ಟಂಟಂ ಗಾಡಿಗೆ ಹೇರಿಕೊಂಡು ಹೊಸ ಕಾಂಪ್ಲೆಕ್ಸಿಗೆ ಬಂದ. ಹೊಂಬಳ ಸಾವ್ಕಾರನ ಕಾಂಪ್ಲೆಕ್ಸು. ಮುಂದೆ ಸೀರೆ ಅಂಗಡಿ, ಬಟ್ಟೆ ಅಂಗಡಿ. ಹಿಂದಿನ ಸಾಲಿನಲ್ಲಿ ಗ್ಯಾಸು ಉರಿಸುವ ನಾಲ್ಕು ಮಳಿಗೆ. ನಮ್ಮ ಟೀ ಕ್ಲಬ್ಬು ಒಂದು. ವಿಠ್ಠಲರಾಯನ ಲಾಂಡ್ರಿ ಒಂದು. ಪ್ರಭುವಿನ ಮಿಠಾಯಿ ಅಂಗಡಿ ಒಂದು. ಕೊನೆಯದು, ನಮ್ಮ ಗೋಡೆಗೆ ಗೋಡೆ ಹಚ್ಚಿದ್ದು, ಶಾವಂತ್ರವ್ವನ ರೊಟ್ಟಿ ಖಾನಾವಳಿ.

ಇಲ್ಲಿ ಸಿಲಿಂಡರು ಇಲ್ಲ. ನೆಲದಡಿಯ ಪೈಪಿನಲ್ಲಿ ಬರುವ ಲೈನ್ ಗ್ಯಾಸು, ನೈಸರ್ಗಿಕ ಅನಿಲ ಅಂತ ಬೋರ್ಡಿನ ಮೇಲೆ ಬರೆದಿದ್ದರು. ಲೈನಿನವರು ಬಂದು ನನ್ನ ಹಳೆಯ ಜೆಟ್ಟು, ಅಂದರೆ ಗ್ಯಾಸು ಒಳಬರುವ ಸಣ್ಣ ಹಿತ್ತಾಳೆ ಮೂತಿ, ಬಿಚ್ಚಿ ಹೊಸದು ಕೂರಿಸಿದರು. ಸಿಲಿಂಡರಿಗೆ ಸಣ್ಣ ತೂತು ಸಾಕು, ಈ ಗ್ಯಾಸಿಗೆ ಕೊಂಚ ದೊಡ್ಡದು ಬೇಕು, ಅಳತೆ ನೋಡಿ ಹಾಕಿದ್ದೇವೆ, ಯಾರೂ ಇದಕ್ಕೆ ಕೈ ಹಚ್ಚಬೇಡಿ ಅಂತ ಹೇಳಿದರು. ಹಚ್ಚಿದರು. ಏನು ಚಂದ ಉರಿ ರೀ ಅದು! ಸುತ್ತ ಒಂದೇ ಎತ್ತರ, ತಿಳಿ ನೀಲಿ, ಹೊಗೆಯಿಲ್ಲ, ವಾಸನೆಯಿಲ್ಲ. ಮುದುಕ ಫೌಂಡ್ರಿಯಲ್ಲಿ ನನ್ನನ್ನು ಬಡಿದು ನೋಡಿದ್ದು ಈ ಉರಿಗಾಗಿಯೇ ಅನ್ನಿಸಿತು.

ಒಬ್ಬೊಬ್ಬರಿಗೆ ಒಂದೊಂದು ಮೀಟರು ತಗೊಳ್ಳಿ ಅಂತ ಲೈನಿನವರು ಮತ್ತೆ ಮತ್ತೆ ಹೇಳಿದರು. ಒಂದೊಂದು ಮೀಟರಿಗೆ ಒಂದೊಂದು ಠೇವಣಿ. ಹೊಂಬಳ ಸಾವ್ಕಾರ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ನಾಲ್ವರನ್ನೂ ಕೂರಿಸಿ ಪಂಚಾಯಿತಿ ಮಾಡಿದ.

"ನಾಕ ಮೀಟರ್ ಯಾಕ್ರಪ್ಪಾ ಸುಮ್ಮನ? ಒಂದ ದೊಡ್ಡ ಮೀಟರ್ ತಗೊಳ್ಳೂಣು. ಬಿಲ್ ಬಂದದ್ದು ನಾಕ ಪಾಲು. ಪಂಕ್ತಿ ಊಟ ಇದ್ದಂಗ. ಪಂಕ್ತ್ಯಾಗ ಕೂತಮ್ಯಾಲ ಎಲ್ಲಾರೂ ಒಂದ ಸಮ."

ಪಂಕ್ತಿ ಅನ್ನುವ ಮಾತಿಗೆ ಎಲ್ಲರಿಗೂ ಸಂತೋಷವಾಯಿತು. ಠೇವಣಿ ಉಳಿಯಿತಲ್ಲ! ಶಾವಂತ್ರವ್ವ ಮಾತ್ರ ಸೆರಗು ಸರಿಮಾಡಿಕೊಂಡು ಕೇಳಿದಳು, "ಸಾವ್ಕಾರ್ರ, ನಂದು ಎರಡ ಒಲಿ. ಇವ್ರದು ದೊಡ್ಡ ದೊಡ್ಡ ಭಟ್ಟಿ. ಸಮಪಾಲು ಹೆಂಗ ಸಮ ಆಕೈತ್ರಿ?"

"ಶಾವಂತ್ರಕ್ಕ, ಪಂಕ್ತ್ಯಾಗ ಕೂತು ತುತ್ತು ಎಣಿಸ್ತೀಯೇನ?" ಅಂದ ಈರಬಸಪ್ಪ. ಎಲ್ಲರೂ ನಕ್ಕರು. ತುತ್ತು ಎಣಿಸುವವಳು ಅನ್ನಿಸಿಕೊಳ್ಳುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಹೂಂ ಅಂದಳು. ನಾಚಿಕೆ ಇದ್ದದ್ದು ಅವಳೊಬ್ಬಳಿಗೆ, ಅದಕ್ಕೇ ದಂಡ ಬಿದ್ದದ್ದೂ ಅವಳೊಬ್ಬಳಿಗೆ.

ಗೋಡೆಯಲ್ಲಿ ಪೈಪು ಹಾಯಿಸಲು ಕೊರೆದ ಕಿಂಡಿ ಒಂದಿತ್ತು. ಸರಿಯಾಗಿ ಗಿಲಾವು ಮಾಡಿರಲಿಲ್ಲ. ಅದರಿಂದ ನನಗೆ ಶಾವಂತ್ರವ್ವನ ಒಲೆ ಕಾಣುತ್ತಿತ್ತು. ಐವತ್ತು ದಾಟಿದ ಹೆಂಗಸು. ಮೊಣಕೈ ತನಕ ಹಿಟ್ಟು. ಗಂಡ ಸತ್ತ ಮೇಲೆ ಊರವರ ಮನೆಯ ಅಡುಗೆಮನೆಗಳಲ್ಲಿ ರೊಟ್ಟಿ ಬಡಿದು ಬಾಳಿದವಳು. ಒಬ್ಬರು ಹಿತ್ತಲ ಬಾಗಿಲಿನಿಂದ ಬಾ ಅನ್ನುವವರು, ಇನ್ನೊಬ್ಬರು ಬಡಿದ ರೊಟ್ಟಿ ಎಣಿಸಿ ಇಟ್ಟುಕೊಳ್ಳುವವರು. ಕೊರಳ ಬೋರಮಾಳ ಮಾರಿ ಈ ಮಳಿಗೆ ಹಿಡಿದಿದ್ದಳು. ಮೊದಲ ದಿನ ಒಲೆಗೆ ಕುಂಕುಮ ಹಚ್ಚಿ ಹನಮಂತನ ಹೆಂಡತಿಯ ಮುಂದೆ ಹೇಳಿದ್ದು ನನಗೆ ಕೇಳಿಸಿತು: "ಸಾಕವ್ವಾ. ಇನ್ನ ಮ್ಯಾಲ ಮತ್ತೊಬ್ಬರ ಒಲಿ ಮುಂದ ನಾ ಕುಂಡ್ರಾಂಗಿಲ್ಲ."

ಅವಳು ಬೆಂಕಿ ಬಳಸುವ ಬಗೆ ನೋಡಬೇಕಿತ್ತು. ಹಿಟ್ಟು ನಾದಿ, ಉಂಡೆ ಕಟ್ಟಿ, ಪಲ್ಯದ ಕಾಯಿ ಹೆಚ್ಚಿ, ಎಲ್ಲ ಕೈಯಳತೆಗೆ ಇಟ್ಟುಕೊಂಡ ಮೇಲೆಯೇ ಒಲೆ ಹಚ್ಚುವುದು. ಹಂಚಿನ ಮೇಲೆ ಒಂದಾದ ಮೇಲೊಂದು ರೊಟ್ಟಿ, ಬಿಡುವಿಲ್ಲ. ಕೊನೆಯ ರೊಟ್ಟಿ ಹಂಚಿನ ಮೇಲಿರುವಾಗಲೇ ಒಲೆ ಆರಿಸುವಳು, ಆ ರೊಟ್ಟಿ ಹಂಚಿನ ಕಾವಿಗೇ ಬೇಯುವುದು. ಅದಾದ ಮೇಲೂ ಉಳಿದ ಕಾವಿನ ಮೇಲೆ ಒಂದು ಹಿಡಿ ಶೇಂಗಾ ಹರವುವಳು, ಚಟ್ನಿಪುಡಿಗೆ. ಈರಬಸಪ್ಪನ ಜಿಪುಣತನ ಅಲ್ಲ ಅದು. ಮಾಡಿದ್ದನ್ನು ಚೆಲ್ಲಬಾರದು ಅಂತ ಅಷ್ಟೇ.

ಮೊದಲ ಬಿಲ್ಲು ಬಂತು. ನಾಲ್ಕು ಪಾಲಾಯಿತು. ಈರಬಸಪ್ಪನಿಗೆ ಹೊಟ್ಟೆಯೊಳಗೆ ಬೆಂಕಿ ಬಿತ್ತು, ನನ್ನ ಸಹಾಯವೇ ಇಲ್ಲದೆ.

"ನಾ ಆರಿಸಿ ಆರಿಸಿ ಹಚ್ಚಾಂವ. ಆ ವಿಠ್ಠಲರಾಯ ಮುಂಜಾನಿಂದ ಬಾಯ್ಲರ್ ಹಚ್ಚಿ ಬಿಟ್ಟಿರ್ತಾನ. ಪಾಲು ಮಾತ್ರ ಸಮ? ಹನಮ್ಯಾ, ಇನ್ನ ಮ್ಯಾಲ ಒಲಿ ಆರಸಬ್ಯಾಡ."

"ಮ್ಯಾಲ ಏನೂ ಇಲ್ಲದಾಗರೀ?"

"ಇಲ್ಲಂದ್ರೂ ಉರೀಲಿ. ಹೆಂಗೂ ರೊಕ್ಕ ಕೊಡೂದ ಐತಿ. ಆರಿಸಿದ್ರ ಮತ್ತ ಹಚ್ಚಾಕ ಒಂದ ಕಡ್ಡಿ ಬೇಕು. ಕಡ್ಡಿಪೆಟ್ಟಿಗಿ ನನ್ನ ಕಿಸೇದಿಂದ ಬರ್ತೈತಿ, ಗ್ಯಾಸ್ ಎಲ್ಲಾರ ಕಿಸೇದಿಂದ ಬರ್ತೈತಿ."

ಕೇಳಿದಿರಾ? ಬೆಂಕಿಕಡ್ಡಿ ಉಳಿಸುವುದಕ್ಕೆ ಬೆಂಕಿಯನ್ನೇ ಸುಡುವುದು! ಇಂಥ ಲೆಕ್ಕವನ್ನು ಕತ್ತೆಯೂ ಮಾಡುವುದಿಲ್ಲ. ಮಾಡುವವನು ಮನುಷ್ಯ, ಅದರಲ್ಲೂ ತಾನು ಬಲು ಶಾಣ್ಯಾ ಅಂದುಕೊಂಡ ಮನುಷ್ಯ. ಗೋಡೆಯಾಚೆ ವಿಠ್ಠಲರಾಯನೂ ಅದೇ ಮಾತಾಡುತ್ತಿದ್ದ, "ಆ ಈರಬಸ್ಯಾ ನಮ್ಮ ರೊಕ್ಕದಾಗ ಭಜಿ ಕರ್ಯಾಕತ್ತಾನ" ಅಂತ. ಪ್ರಭು ಇಬ್ಬರನ್ನೂ ಬೈದು ತನ್ನ ಮೂರೂ ಭಟ್ಟಿ ಹಚ್ಚಿಟ್ಟ. ಮೂವರೂ ತಾವೊಬ್ಬರೇ ಮೋಸ ಹೋದವರು ಅಂದುಕೊಂಡಿದ್ದರು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇಲ್ಲಿ ತಮ್ಮದೇ ದುಡ್ಡಿನಲ್ಲಿ ಜಾತ್ರೆ ಮಾಡಿ, ಯಾರದೋ ದುಡ್ಡು ಅಂತ ಖುಷಿಪಡುತ್ತಿದ್ದರು.

ಅಲ್ಲಿಂದ ಶುರುವಾಯಿತು ನನ್ನ ನರಕ. ಮುಂಜಾನೆ ಹಚ್ಚಿದರೆ ಅಂಗಡಿ ಮುಚ್ಚುವ ತನಕ ಉರಿ. ಮೇಲೆ ಪಾತ್ರೆಯಿಲ್ಲ, ನೀರಿಲ್ಲ, ಎಣ್ಣೆಯಿಲ್ಲ. ಬರಿ ಗಾಳಿಯನ್ನು ಬೇಯಿಸುತ್ತ ಕೂರು. ಅಡುಗೆಮನೆ ಕಾದು ಹನಮಂತನ ಮೈಯೆಲ್ಲ ಬೆವರುಸಾಲೆ. ಅವನಿಗಾಗಿ ಒಂದು ಹಳೆ ಫ್ಯಾನು ತಂದಿಟ್ಟರು. ಫ್ಯಾನಿನ ಗಾಳಿಗೆ ನನ್ನ ಉರಿ ವಾಲಿ ಚಹಾ ಕುದಿಯಲಿಲ್ಲ, ಅದಕ್ಕೆ ಉರಿ ದೊಡ್ಡದು ಮಾಡಿದರು. ಉರಿ ದೊಡ್ಡದಾಗಿ ಸೆಖೆ ಹೆಚ್ಚಿತು, ಫ್ಯಾನು ಜೋರು ಮಾಡಿದರು. ಇದಕ್ಕೆ ಕೊನೆಯುಂಟೆ? ರಸ್ತೆಯಲ್ಲಿ ಹೋಗುವವರು ಒಳಗೆ ನುಗ್ಗಿ ನನ್ನ ಮೇಲೆ ಬಗ್ಗಿ ಬೀಡಿ ಹಚ್ಚಿಕೊಂಡು ಹೋಗುತ್ತಿದ್ದರು. ಒಬ್ಬ ಅಲ್ಲೇ ಕೆಮ್ಮಿ ಉಗುಳಿದ. ಮಳೆಗಾಲದಲ್ಲಿ ಈರಬಸಪ್ಪ ನನ್ನ ಮೇಲೆ ತಂತಿ ಕಟ್ಟಿ ತನ್ನ ತೊಯ್ದ ಬನಿಯನ್ ಒಣಹಾಕಿದ. ಅದರ ನೀರು ತೊಟ್ಟಿಕ್ಕಿ ನನ್ನ ಬಾಯಿಗೆ ಬಿತ್ತು. ಕುಂಕುಮ ಹಚ್ಚಿಸಿಕೊಳ್ಳುವ ಒಲೆಗಳೂ ಇವೆ ಲೋಕದಲ್ಲಿ. ನನ್ನ ಹಣೆಬರಹ ನೋಡಿ, ಬನಿಯನ್ನಿನ ನೀರು!

ಬಿಲ್ಲು ಏರಿತು. ಏರಿದಷ್ಟೂ ಇವರ ಸಿಟ್ಟು ಏರಿತು, ಸಿಟ್ಟು ಏರಿದಷ್ಟೂ ಉರಿ ಏರಿತು. ಸಾಲದ್ದಕ್ಕೆ ವಿಠ್ಠಲರಾಯ ಇನ್ನೊಂದು ಬಾಯ್ಲರು ಇಟ್ಟ. ಒಂದೇ ಪೈಪಿನ ಗ್ಯಾಸು ಎಷ್ಟು ಕಡೆ ಹರಿದೀತು? ಮಧ್ಯಾಹ್ನದ ಹೊತ್ತಿಗೆ ನನ್ನ ಉರಿ ಬಾಗತೊಡಗಿತು. ಆಗ ಈರಬಸಪ್ಪ ಏನು ಮಾಡಿದ ಗೊತ್ತೆ? ಗಾಡಿ ರಿಪೇರಿಯವನನ್ನು ಕರೆಸಿ, ಲೈನಿನವರು ಕೈ ಹಚ್ಚಬೇಡಿ ಅಂದಿದ್ದ ನನ್ನ ಜೆಟ್ಟಿಗೆ ಡ್ರಿಲ್ ಹಾಕಿಸಿದ. ತೂತು ದೊಡ್ಡದಾದರೆ ಗ್ಯಾಸು ತನಗೇ ಜಾಸ್ತಿ ಬರುತ್ತದೆ ಅಂತ. ಜೆಟ್ಟು ಕೊರೆದದ್ದಲ್ಲದೆ ಆ ಮಾರಾಯ ನನ್ನ ಹೊಟ್ಟೆಯ ತನಕ ಡ್ರಿಲ್ ಇಳಿಸಿಬಿಟ್ಟ. ನೋವು ಅಂತ ಹೇಳುವುದಿಲ್ಲ, ಕಬ್ಬಿಣಕ್ಕೆ ನೋವಿಲ್ಲ. ಆದರೆ ಮಾನವಿದೆ. ಅವತ್ತಿನಿಂದ ನನ್ನ ನೀಲಿ ಉರಿ ಹೋಯಿತು. ಹಳದಿ ನಾಲಿಗೆ ಚಾಚಿ ಮಸಿ ಕಾರತೊಡಗಿದೆ. ಕೊಪ್ಪರಿಗೆ ಕಪ್ಪು, ಗೋಡೆ ಕಪ್ಪು, ಹನಮಂತನ ಮೂಗು ಕಪ್ಪು. ಇದನ್ನು ನೋಡಿ ವಿಠ್ಠಲರಾಯನೂ ಪ್ರಭುವೂ ತಮ್ಮ ತಮ್ಮ ಜೆಟ್ಟು ಕೊರೆಸಿದರು.

ಕಿಂಡಿಯಾಚೆ ಶಾವಂತ್ರವ್ವನ ಒಲೆ ಮಿಣಿಮಿಣಿ ಅನ್ನತೊಡಗಿತು. ಊಟದ ಹೊತ್ತಿಗೆ ಸರಿಯಾಗಿ ಅದು ದೇವರ ಮುಂದಿನ ದೀಪದಷ್ಟೂ ಇರುತ್ತಿರಲಿಲ್ಲ. ಜೋಳದ ರೊಟ್ಟಿಗೆ ಹಂಚು ಕಾದಿರಬೇಕು. ಕಾಯದ ಹಂಚಿನ ಮೇಲೆ ಅದು ಉಬ್ಬುವುದಿಲ್ಲ, ಸೊರಗಿ ತೊಗಲಾಗುತ್ತದೆ. ಗಿರಾಕಿಗಳು ಎಳೆದೆಳೆದು ನೋಡಿ, ಎಲೆ ಬಿಟ್ಟು ಎದ್ದರು. ಎದ್ದವರು ಮತ್ತೆ ಬರಲಿಲ್ಲ. ಪಾಲು ಮಾತ್ರ ನಾಲ್ಕರಲ್ಲಿ ಒಂದು, ತಪ್ಪದೆ ಕಟ್ಟಬೇಕು.

ಸಾವ್ಕಾರನ ಹತ್ತಿರ ಹೋದಳು. "ಎಲ್ಲಾರಿಗೂ ಬರೂ ಗ್ಯಾಸ್ ನಿನಗಷ್ಟ ಬರಾಂಗಿಲ್ಲಂದ್ರ ಹೆಂಗವಾ? ಒಲಿ ರಿಪೇರಿ ಮಾಡಿಸು. ನಡಸಾಕ ಆಗಾಂಗಿಲ್ಲಂದ್ರ ಬಿಡು, ಹಬ್ಬ ಮುಗದಮ್ಯಾಲ ಖಾಲಿ ಮಾಡು. ಮೊಬೈಲ್ ಅಂಗಡ್ಯಾವ್ರು ಕೇಳಾಕತ್ತಾರ" ಅಂದ.

ಅಲ್ಲಿಂದ ನೇರ ನಮ್ಮ ಅಡುಗೆಮನೆಗೆ ಬಂದಳು. ನಾನು ಎಂದಿನಂತೆ ಬರಿಮೈಯಲ್ಲಿ ಉರಿಯುತ್ತ ಕೂತಿದ್ದೆ. ಅವಳು ನನ್ನನ್ನು ನೋಡಿದಳು. ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು.

"ಈರಬಸಣ್ಣ, ಕೈ ಮುಗೀತೀನಿ. ಮಧ್ಯಾಹ್ನ ಊಟದ ಹೊತ್ತಿನ್ಯಾಗರೆ ಈ ಖಾಲಿ ಒಲಿ ಆರಸಪ್ಪಾ. ನನ್ನ ಒಲ್ಯಾಗ ಉರೀನ ಇಲ್ಲ. ಸಾವ್ಕಾರ ಖಾಲಿ ಮಾಡಂತಾನ. ಖಾಲಿ ಮಾಡಿದ್ರ ನಾ ಮತ್ತ ಮಂದೀ ಮನ್ಯಾಗ ಬಡ್ಯಾಕ ಹೋಗಬೇಕು."

"ನನ್ನ ಪಾಲಿನ ಬೆಂಕಿ ಅಕ್ಕ. ನಾ ಏನರೆ ಮಾಡ್ತೀನಿ."

"ಪಂಕ್ತಿ ಊಟ ಅಂದ್ರೆಲ್ಲಪ್ಪಾ. ಪಂಕ್ತ್ಯಾಗ ಹಸದಾವ್ರು ಉಣ್ತಾರ, ಖರೆ. ಎಲಿ ಮ್ಯಾಲ ಹಾಕಿಸ್ಕೊಂಡು ಚೆಲ್ಲತಾರೇನು?"

ಈರಬಸಪ್ಪ ನನ್ನ ಕಿವಿ ಹಿಡಿದು ಉರಿಯನ್ನು ಇನ್ನಷ್ಟು ದೊಡ್ಡದು ಮಾಡಿದ. ಅವಳ ಎದುರಿಗೇ! ಆ ಕ್ಷಣ ನನಗಾದ ಹೇಸಿಗೆಯನ್ನು ಯಾವ ಬಾಯಿಯಿಂದ ಹೇಳಲಿ. ಅವನ ಕೈಯನ್ನು ಸುಟ್ಟುಬಿಡೋಣ ಅನ್ನಿಸಿತು. ಸುಡಲಿಲ್ಲ. ಬರ್ನರಿಗೆ ಅಷ್ಟು ಸ್ವಾತಂತ್ರ್ಯ ಇರುವುದಿಲ್ಲ.

ಹಬ್ಬದ ವಾರ ಅವಳಿಗೊಂದು ದೊಡ್ಡ ಊಟದ ಆರ್ಡರು ಬಂತು. ಹತ್ತಿರದ ಬ್ಯಾಂಕಿನಲ್ಲಿ ಒಬ್ಬರು ನಿವೃತ್ತರಾಗುವವರಿದ್ದರು, ಎಲ್ಲರಿಗೂ ರೊಟ್ಟಿ ಊಟ. ಊಟ ಚೆನ್ನಾಗಿದ್ದರೆ ದಿನಾ ಅವಳಿಂದಲೇ ತರಿಸುತ್ತೇವೆ ಅಂದಿದ್ದರು. ಮಳಿಗೆ ಉಳಿಯಬೇಕಾದರೆ ಅದೊಂದೇ ದಾರಿ. ಮುಂಜಾನೆಯೇ ಎಣ್ಣೆಗಾಯಿ, ಕಾಳು ಪಲ್ಯ ಎಲ್ಲ ಮುಗಿಸಿಟ್ಟಳು. ರೊಟ್ಟಿ ಬಿಸಿಯೇ ಬೇಕು ಅಂದಿದ್ದರಿಂದ ಅದನ್ನಷ್ಟೇ ಮಧ್ಯಾಹ್ನಕ್ಕೆ ಉಳಿಸಿಕೊಂಡಳು. ಮಧ್ಯಾಹ್ನವಾಯಿತು. ಒಲೆ ಹಚ್ಚಿದಳು. ಫಕ್ ಅಂತು, ಆರಿತು. ಮತ್ತೆ ಕಡ್ಡಿ ಗೀರಿದಳು. ಮತ್ತೆ ಆರಿತು. ಕಿಂಡಿಯಿಂದ ನೋಡುತ್ತಿದ್ದೆ. ಬಡಿದ ರೊಟ್ಟಿ ಅಂಗೈ ಮೇಲೆ ಹಾಗೇ ಇತ್ತು. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲು ಎರಡೂ ಕೈಗೆ ಹಿಟ್ಟು.

ಅಳುತ್ತ ಕೂರುತ್ತಾಳೆ ಅಂದುಕೊಂಡೆ. ಕೂರಲಿಲ್ಲ. ಭುಜಕ್ಕೆ ಕಣ್ಣೊರೆಸಿ, ಹಂಚನ್ನು ಸೊಂಟಕ್ಕೆ ಏರಿಸಿದಳು. ಹಿಟ್ಟಿನ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡಳು. ನಮ್ಮ ಟೀ ಕ್ಲಬ್ಬಿನ ಮುಂಬಾಗಿಲಿನಿಂದ, ಗಿರಾಕಿಗಳ ನಡುವಿನಿಂದ, ನೇರ ಒಳಗೆ ಬಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಹಂಚನ್ನು ನನ್ನ ಮೇಲೆ ಇಟ್ಟಳು. ಪಟಪಟ ರೊಟ್ಟಿ ಬಡಿಯತೊಡಗಿದಳು.

ಹನಮಂತ ಭಜಿ ಎತ್ತುವ ಜಾರಾ ಹಿಡಿದವನು ಹಾಗೇ ನಿಂತ. ಈರಬಸಪ್ಪ ಗಲ್ಲಾ ಬಿಟ್ಟು ಓಡಿ ಬಂದ.

"ಏ ಏ, ಏನಿದು ಶಾವಂತ್ರಕ್ಕ? ಇಲ್ಯಾಕ್ ಕುಂತೀ?"

"ನನ್ನ ಪಾಲಿನ ಬೆಂಕಿ ಎಲ್ಲೈತಿ ಅಂತ ಹುಡಿಕ್ಕೋತ ಬಂದ್ನಿ ಈರಬಸಣ್ಣ. ಇಲ್ಲಿ ಸಿಕ್ತು. ಬೆಂಕಿ ಎಲ್ಲೈತ್ಯೋ ಅಲ್ಲಿ ಬಡೀತೀನಿ."

"ಇದು ನನ್ನ ಒಲಿ!"

"ಒಲಿ ನಿಂದ. ಬೆಂಕಿ ಸಮಪಾಲು. ನೀನ ಹೇಳೀಯಲ್ಲ?"

ಗಿರಾಕಿಗಳು ಎದ್ದು ಬಂದು ಬಾಗಿಲಲ್ಲಿ ನಿಂತರು. ಮೊದಲ ರೊಟ್ಟಿ ಉಬ್ಬಿತು. ನನ್ನ ಹಾಳು ಹಳದಿ ಉರಿಯಲ್ಲೂ ಉಬ್ಬಿತು ರೀ! ಎಷ್ಟು ದಿನವಾಗಿತ್ತೋ ನನ್ನ ಮೇಲೆ ಅನ್ನ ಅನ್ನಿಸಿಕೊಳ್ಳುವಂಥದೊಂದು ಬೆಂದು. ಒಬ್ಬ ಗಿರಾಕಿ, "ಈರಬಸಪ್ಪಾ, ಭಜಿ ಜೋಡಿ ಒಂದ ಬಿಸಿ ರೊಟ್ಟಿ ಕೊಡಸಲಾ" ಅಂದ. ಇನ್ನೊಬ್ಬ ನಕ್ಕ. ಈರಬಸಪ್ಪನ ಮುಖ ಕೆಂಪಾಯಿತು. ನಾನು ಕೆಳಗಿನಿಂದ ನೋಡುತ್ತಿದ್ದೆನಲ್ಲ, ಮೂಗಿನ ಎರಡೂ ತೂತು ಅರಳಿ ನಿಂತವು. ತನ್ನ ಒಲೆಯ ಮೇಲೆ ಇನ್ನೊಬ್ಬಳ ರೊಟ್ಟಿ ಬೇಯುವುದನ್ನು ಅವನು ಸಹಿಸಲಾರ. ಗಾಳಿ ಬೇಯಬಹುದು, ಬನಿಯನ್ ಬೇಯಬಹುದು, ರೊಟ್ಟಿ ಬೇಯಬಾರದು.

"ಹನಮ್ಯಾ, ಆರಸು!" ಅಂತ ಕಿರುಚಿದ. ಹನಮಂತ ಅಲುಗಾಡಲಿಲ್ಲ. ಈರಬಸಪ್ಪ ತಾನೇ ಬಗ್ಗಿ ನನ್ನ ಕಿವಿ ತಿರುವಿದ.

ನಾನು ಆರಿದೆ. ಆ ಮೊದಲ ಬಿಲ್ಲು ಬಂದಮೇಲೆ ಹಗಲು ಹೊತ್ತಿನಲ್ಲಿ ಇದೇ ಮೊದಲ ಸಲ. ಮಳಿಗೆ ಹೋಗುತ್ತದೆ ಅಂತ ಕೈಮುಗಿದರೆ ಆರಿಸದವನು, ಬಿಲ್ಲು ಏರಿದರೂ ಆರಿಸದವನು, ಇನ್ನೊಬ್ಬಳಿಗೆ ಉಪಯೋಗವಾದೀತು ಅನ್ನುವ ಒಂದೇ ಉರಿಗೆ ಆರಿಸಿದ. ಥೂ! ಥೂ ಅನ್ನದೆ ಇನ್ನೇನು ಅನ್ನಲಿ.

ಶಾವಂತ್ರವ್ವ ಅರೆಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ಈರಬಸಪ್ಪನ ಮುಖ ನೋಡಿದಳು. ಅವಳಿಗೆ ಏನೋ ಹೊಳೆಯಿತು. ನನ್ನ ಕಣ್ಣೆದುರೇ ಹೊಳೆಯಿತು, ನಾನು ಕಂಡೆ. "ಆತು ಬಿಡಪ್ಪಾ" ಅಂತ ಹಂಚು ಎತ್ತಿಕೊಂಡು ಎದ್ದಳು. ಪಕ್ಕದ ಲಾಂಡ್ರಿಗೆ ಹೋದಳು. ಹನಮಂತ ಹಿಂದೆಯೇ ಹೋಗಿ ನೋಡಿ ಬಂದು ಹೇಳಿದ್ದು ಇದು: ಅಲ್ಲಿ ಬಟ್ಟೆಗೆ ಗಂಜಿ ಕಾಯಿಸುವ ಒಲೆ ಗಂಜಿಯಿಲ್ಲದೆ ಉರಿಯುತ್ತಿತ್ತು. ಅವಳು ಹಂಚು ಇಟ್ಟಳು. ವಿಠ್ಠಲರಾಯ, "ಇದೇನ ಧರ್ಮಛತ್ರ ಏನು?" ಅಂತ ಆರಿಸಿದ. ಮಿಠಾಯಿ ಅಂಗಡಿಗೆ ಹೋದಳು. ಪ್ರಭು ಅವಳನ್ನು ಬಾಗಿಲಲ್ಲಿ ಕಂಡವನೇ ಖಾಲಿಯಿದ್ದ ಎರಡು ಭಟ್ಟಿ ಆರಿಸಿದ, ಅವಳು ಹಂಚು ಇಳಿಸುವ ಮೊದಲೇ.

ಶಾವಂತ್ರವ್ವ ತನ್ನ ಮಳಿಗೆಗೆ ವಾಪಸು ಬಂದಳು. ಕಡ್ಡಿ ಗೀರಿದಳು.

ಭುಸ್ಸೆಂದು ಉರಿ ಎದ್ದಿತು. ನೀಲಿ ಉರಿ. ಸುತ್ತ ಒಂದೇ ಎತ್ತರ. ಜೆಟ್ಟು ಕೊರೆಸದೆ ಲೈನಿನವರು ಹಾಕಿದ್ದನ್ನು ಹಾಗೇ ಇಟ್ಟುಕೊಂಡವಳು ಆ ಸಾಲಿನಲ್ಲಿ ಅವಳೊಬ್ಬಳೇ. ಅವಳು ನಕ್ಕದ್ದು ಗೋಡೆಯಾಚೆ ಕೇಳಿಸಿತು. ಬ್ಯಾಂಕಿನ ರೊಟ್ಟಿ ಹೊತ್ತಿಗೆ ಸರಿಯಾಗಿ ಹೋದವು. ಮರುದಿನದಿಂದ ಅಲ್ಲಿಯ ಊಟ ಅವಳದೇ ಆಯಿತು.

ಆಮೇಲೆ ನೋಡಬೇಕಿತ್ತು ತಮಾಷೆ. ದಿನಾ ಮಧ್ಯಾಹ್ನ ಶಾವಂತ್ರವ್ವ ಸೊಂಟದ ಮೇಲೆ ಹಂಚು ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಒಂದು ಸುತ್ತು ಹಾಕುತ್ತಿದ್ದಳು. ಬೈಯುತ್ತಿರಲಿಲ್ಲ, ಬೇಡುತ್ತಿರಲಿಲ್ಲ. "ಏನ್ ಈರಬಸಣ್ಣ, ಒಲಿ ಖಾಲಿ ಐತೇನು?" ಅಂತ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಅಷ್ಟೇ. ಟಪ್, ಟಪ್, ಟಪ್ ಅಂತ ಒಲೆಗಳು ಆರುತ್ತಿದ್ದವು. ಯಾವ ಪಂಚಾಯಿತಿಯೂ ಮಾಡಿಸದ ಕೆಲಸವನ್ನು ಒಂದು ಹಂಚು ಮಾಡಿಸಿತು. ಬಿಲ್ಲು ಇಳಿಯಿತು. ಇಳಿದದ್ದಕ್ಕೆ ಸಂತೋಷಪಡಬೇಕೋ ಬೇಡವೋ? ಮೂವರಿಗೂ ಹೊಸ ಸಂಶಯ ಹುಟ್ಟಿತು, ನಾನು ಆರಿಸಿ ಉಳಿಸಿದ್ದರಲ್ಲಿ ಉಳಿದವರು ಪಾಲು ಹೊಡೆಯುತ್ತಿದ್ದಾರೆ ಅಂತ. ಹೊಂಬಳ ಸಾವ್ಕಾರನ ಮನೆಗೆ ಹೋಗಿ ಜಗಳವಾಡಿ ಒಬ್ಬೊಬ್ಬರು ಒಂದೊಂದು ಮೀಟರು ಹಾಕಿಸಿಕೊಂಡರು. ಶಾವಂತ್ರವ್ವ ಮೆಟ್ಟಿಲ ಮೇಲೆ ಕೂತು ಕೇಳಿದ್ದು ಅದನ್ನೇ ಅಲ್ಲವೆ? ಈಗ ಅವಳಿಗೆ ಅವಳ ಎರಡು ಒಲೆಯದಷ್ಟೇ ಬಿಲ್ಲು. ಮಳಿಗೆ ಖಾಲಿ ಮಾಡು ಅನ್ನುವ ಮಾತು ಸಾವ್ಕಾರನ ಬಾಯಿಂದ ಮತ್ತೆ ಬರಲಿಲ್ಲ, ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತಲ್ಲ.

ಈರಬಸಪ್ಪ ರಾತ್ರಿ ಬೆಳಗಾಗುವುದರೊಳಗೆ ಮೊದಲಿನ ಈರಬಸಪ್ಪನಾದ. ಚಹಾ ಕುದಿಯುವ ಮೊದಲೇ ಆರಿಸು. ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಉಪದೇಶ ಬೇರೆ: "ಗ್ಯಾಸ್ ಉಳಸಬೇಕ್ರೀ, ಇದು ದೇಶದ ಆಸ್ತಿ." ದೇಶದ ಆಸ್ತಿಯ ಮೇಲೆ ಬನಿಯನ್ ಒಣಹಾಕಿದ್ದು ನೆನಪಿಲ್ಲ. ಆದರೂ ಅವನ ಬಿಲ್ಲು ಅವನಂದುಕೊಂಡಷ್ಟು ಇಳಿಯಲಿಲ್ಲ. ಹೇಗೆ ಇಳಿದೀತು? ಹೊಟ್ಟೆಯ ತನಕ ಕೊರೆಸಿಟ್ಟಿದ್ದನಲ್ಲ! ಒಂದು ದಿನ ನನ್ನನ್ನು ಬೋರಲು ಹಾಕಿ ನೋಡಿ, ಹನಮಂತನಿಗೆ ಹೇಳಿದ:

"ಎಲ್ಲಾ ಈ ದರಿದ್ರ ಬರ್ನರಂದ ಕೆಲಸ. ಇದ ಗ್ಯಾಸ್ ತಿಂದು ತಿಂದು ನನ್ನ ಮನೀ ಹಾಳ ಮಾಡಿದ್ದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಿಂದವನು ನಾನಂತೆ! ಹೊಸ ಬರ್ನರು ಬಂತು. ನನ್ನನ್ನು ಗೋಣಿಯಲ್ಲಿ ಸುತ್ತಿ ಗುಜರಿಗೆ ಕೊಟ್ಟರು.

ಗುಜರಿಯಲ್ಲಿ ತುಕ್ಕು ಹಿಡಿದ ಸೈಕಲ್ಲು, ಕಾಲಿಲ್ಲದ ಕುರ್ಚಿ, ಬಾಯಿ ಒಡೆದ ಕುಕ್ಕರು ನನ್ನ ನೆರೆಹೊರೆ. ಮಳೆ ಬಂದರೆ ಮಳೆ, ಬಿಸಿಲು ಬಂದರೆ ಬಿಸಿಲು. ನಾಯಿಯೊಂದು ಬಂದು ಕಾಲೆತ್ತಿ ಹೋಗುತ್ತಿತ್ತು. ಅದಕ್ಕೆ ನಾನು ಬೇಸರಪಟ್ಟುಕೊಳ್ಳಲಿಲ್ಲ. ನಾಯಿ ಬೇಕಾದಾಗ ಬಿಟ್ಟಿತು, ಮುಗಿದ ಮೇಲೆ ನಿಲ್ಲಿಸಿತು. ಅಷ್ಟು ತಿಳಿವಳಿಕೆ ಅದಕ್ಕಿತ್ತು.

ಒಂದು ಸಂಜೆ ಪರಿಚಯದ ಧ್ವನಿ ಕೇಳಿಸಿತು. "ಏನಣ್ಣಾ, ಬಿಸಿ ಹಂಚು ಇಳಸಾಕ ಗಟ್ಟಿ ಕಬ್ಬಿಣದ್ದು ಏನರೆ ಐತೇನು?" ಶಾವಂತ್ರವ್ವ. ಹುಡುಕುತ್ತ ಹುಡುಕುತ್ತ ನನ್ನ ಹತ್ತಿರ ಬಂದು ನಿಂತಳು. ಕಾಲಿನಿಂದ ಮಣ್ಣು ಸರಿಸಿ, ಕೂತು, ಕೊರೆದ ಹೊಟ್ಟೆಯೊಳಗೆ ಬೆರಳು ಹಾಕಿ ನೋಡಿದಳು. ಅವಳಿಗೆ ಗುರುತು ಹತ್ತಿತು.

"ಅಯ್ಯ, ನೀನಾ? ನಿನ್ನ ಹೊಟ್ಟೀ ಕೊರದು ಕೊರದು ಏನ ಮಾಡ್ಯಾರ ಇವ್ರು" ಅಂದಳು. ಗುಜರಿಯವನು, "ಅದು ಉರ್ಯಾಂಗಿಲ್ಲ ಯವ್ವಾ, ಕೆಟ್ಟೈತಿ" ಅಂದ. "ಉರಿಯೂದು ಬ್ಯಾಡಪ್ಪಾ ಇದು. ಉರದದ್ದ ಸಾಕು. ಗಟ್ಟಿ ಐತಿ, ಎಲ್ಲೂ ಸೀಳಿಲ್ಲ" ಅಂತ ನನ್ನನ್ನು ತಟ್ಟಿದಳು.

ಹುಟ್ಟಿದಾಗ ಮುದುಕ ಹೇಳಿದ ಮಾತು. ಮಧ್ಯದಲ್ಲಿ ಇಡೀ ಒಂದು ಜನ್ಮ ಕಳೆದಿತ್ತು.

ಈಗ ನಾನು ಅವಳ ಖಾನಾವಳಿಯ ಮೂಲೆಯಲ್ಲಿದ್ದೇನೆ. ಬೂದಿ ಹಾಕಿ ತಿಕ್ಕಿ ತೊಳೆದಳು. ನನ್ನಲ್ಲಿ ಪೈಪಿಲ್ಲ, ಜೆಟ್ಟಿಲ್ಲ, ಯಾರ ಪಾಲೂ ಇಲ್ಲ. ಗೋಡೆಯ ಕಿಂಡಿ ಹಾಗೇ ಇದೆ. ಅದರಾಚೆ ಈರಬಸಪ್ಪ ಹೊಸ ಬರ್ನರಿನ ಕಿವಿ ಹಿಂಡುವುದು, ಹನಮಂತನನ್ನು ಬೈಯುವುದು ಕೇಳಿಸುತ್ತದೆ. ಮೊನ್ನೆ ಕಾಂಪ್ಲೆಕ್ಸಿನವರೆಲ್ಲ ಕೂಡಿ ನೀರಿನ ಬಿಲ್ಲು ಸಮಪಾಲು ಮಾಡಿಕೊಂಡರಂತೆ. ಅವತ್ತಿನಿಂದ ಟೀ ಕ್ಲಬ್ಬಿನ ನಲ್ಲಿ ಮುಂಜಾನೆಯಿಂದ ಹರಿಯುತ್ತಲೇ ಇದೆ. ಬಳಬಳ ಅನ್ನುವ ಸದ್ದು ನನಗಿಲ್ಲಿಯ ತನಕ ಬರುತ್ತದೆ. ಶಾವಂತ್ರವ್ವನಿಗೂ ಬರುತ್ತದೆ. ಇವತ್ತು ಅವಳು ಕೊನೆಯ ರೊಟ್ಟಿ ತೆಗೆದು, ಬಿಸಿ ಹಂಚನ್ನು ನನ್ನ ತಲೆಯ ಮೇಲೆ ಇಳಿಸಿ, ಉಳಿದ ಕಾವಿನ ಮೇಲೆ ಶೇಂಗಾ ಹರವಿದಳು. ಸ್ವಲ್ಪ ಹೊತ್ತು ಆ ನೀರಿನ ಸದ್ದು ಕೇಳುತ್ತ ನಿಂತಳು. ಆಮೇಲೆ ಮೂಲೆಯಲ್ಲಿದ್ದ ದೊಡ್ಡ ಕೊಡವನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡು, ಟೀ ಕ್ಲಬ್ಬಿನ ಮುಂಬಾಗಿಲಿನ ಕಡೆ ಹೊರಟಳು.